ಮೂರನೇ ಗೋಲು ಬೀಳದ ಸಂಜೆ

ಅವನನ್ನು ಕ್ಯಾಂಟೀನಿನ ಬೆಂಚಿನ ಮೇಲೆ ನಿಲ್ಲಿಸಿ, ಎಲ್ಲರ ಎದುರು, ಒಂದೇ ಒಂದು ಮಾತು ಹೇಳಿಸಬೇಕು. ಹನ್ನೆರಡು ವರ್ಷ ನಾನು ಸಾಕಿಕೊಂಡು ಬಂದ ಆಸೆ ಇಷ್ಟೇ. ಅವನ ಕೆಲಸ ಹೋಗಲಿ, ಕಾಲು ಮುರಿಯಲಿ ಎಂದೆಲ್ಲ ಬೇಡಿಕೊಂಡವನಲ್ಲ ನಾನು. ಸುಳ್ಳೇಕೆ ಹೇಳಲಿ, ಕಾಲಿನ ವಿಷಯ ಒಂದೆರಡು ಸಲ ಬೇಡಿಕೊಂಡಿದ್ದೇನೆ. ಆದರೆ ನನಗೆ ನಿಜವಾಗಿ ಬೇಕಾಗಿದ್ದದ್ದು ಆ ಮಾತು: "ಆ ಮಾಲಿಗೆ ಬಿಳಿ ಹಚ್ಚಿಸಿದವನು ನಾನು, ಇವನಲ್ಲ."

ಅವನು ಬೆಳಗಾವಿಯ ನಮ್ಮ ಎರಕದ ಕಾರ್ಖಾನೆಯ ಮ್ಯಾನೇಜರ್. ನಾನು ಅಲ್ಲಿ ತಪಾಸಣೆಯವನು. ಅಚ್ಚಿನಿಂದ ಬಿಡಿಸಿದ ಕಬ್ಬಿಣದ ಎರಕವನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುವುದು, ಬ್ಯಾಟರಿ ಬಿಟ್ಟು ಒಳಗೆ ನೋಡುವುದು, ಸರಿಯಿದ್ದರೆ ಬಿಳಿ ಬಣ್ಣದ ಗುರುತು, ಕೆಟ್ಟಿದ್ದರೆ ಕೆಂಪು ಗುರುತು ಹಾಕುವುದು ನನ್ನ ಕೆಲಸ. ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಮದುವೆಗೆ ಮೊದಲು ಒಂದೇ ಖೋಲಿಯಲ್ಲಿದ್ದೆವು. ಗೋವೆ ಹತ್ತಿರ ಇರುವುದಕ್ಕೋ ಏನೋ, ಬೆಳಗಾವಿಯ ಗಂಡುಮಕ್ಕಳಿಗೆ ಫುಟ್‌ಬಾಲಿನ ಹುಚ್ಚು ಮೊದಲಿನಿಂದಲೂ ಇದೆ. ರವಿವಾರ ಬೆಳಿಗ್ಗೆ ಇಬ್ಬರೂ ಒಂದೇ ತಂಡದಲ್ಲಿ ಆಡುತ್ತಿದ್ದೆವು. ಅವನು ಮುಂದೆ ನಿಂತು ಗೋಲು ಹೊಡೆಯುತ್ತಿದ್ದ, ನಾನು ಹಿಂದೆ ನಿಂತು ಬೀಳದಂತೆ ನೋಡಿಕೊಳ್ಳುತ್ತಿದ್ದೆ. ಚಪ್ಪಾಳೆ ಯಾರಿಗೆ ಬೀಳುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಹನ್ನೆರಡು ವರ್ಷದ ಹಿಂದೆ ಪಂಪಿನ ಕವಚಗಳ ಒಂದು ಮಾಲು ಎರಕವಾಯಿತು. ಒಳಗೆ ಗಾಳಿ ಸಿಕ್ಕಿ ತೂತು ಬಿದ್ದಿದ್ದವು. ನಾನು ಎಲ್ಲಕ್ಕೂ ಕೆಂಪು ಹಾಕಿ, ತಂಗಿಯ ಮಗಳ ಮದುವೆಗೆಂದು ಎರಡು ದಿನ ರಜೆ ಹೋದೆ. ತಿರುಗಿ ಬರುವಷ್ಟರಲ್ಲಿ ಮಾಲು ಲಾರಿ ಹತ್ತಿ ಹೋಗಿತ್ತು. ಹದಿನೈದು ದಿನಕ್ಕೆ ಅಷ್ಟೂ ವಾಪಸು ಬಂತು, ಪ್ರತಿಯೊಂದರ ಮೇಲೂ ಬಿಳಿ ಗುರುತು. ತಪಾಸಣೆಯ ಹಾಳೆಯ ಮೇಲೆ ನನ್ನ ಸಹಿ ಇತ್ತು. ರಜೆ ಹೋಗುವಾಗ ಖಾಲಿ ಹಾಳೆಗಳಿಗೆ ಸಹಿ ಮಾಡಿ ಅವನ ಕಪಾಟಿನಲ್ಲಿಟ್ಟು ಹೋಗುವುದು ನಮ್ಮಿಬ್ಬರ ನಡುವಿನ ರೂಢಿ. ಗೆಳೆಯನಲ್ಲವೇ! ಮಾಲೀಕರು ಕರೆದು ಕೇಳಿದಾಗ ಅವನು ನನ್ನ ಕಡೆ ನೋಡದೆ ಹೇಳಿದ್ದು ಒಂದೇ ಮಾತು: "ಸಹಿ ಅವರದ ಐತ್ರಿ."

ಕೆಂಪು ಹಾಕಿ ಹೋಗಿದ್ದೆ ಎಂದು ನಾನು ಹೇಳಿದರೂ ಸಹಿಯ ಮುಂದೆ ಅದು ನಿಲ್ಲಲಿಲ್ಲ. ನನ್ನನ್ನು ಖಾನಾಪುರದ ಶೆಡ್ಡಿಗೆ ಹಾಕಿದರು. ಹಳೆಯ ಕಟ್ಟಿಗೆಯ ಅಚ್ಚುಮಾದರಿಗಳನ್ನು ಪೇರಿಸಿಡುವ, ತೂಕದ ಕಲ್ಲಿನಂಥ ಸಣ್ಣಪುಟ್ಟ ಎರಕ ಮಾಡುವ ಜಾಗ ಅದು. ಕೆಲವು ತಿಂಗಳ ಮೇಲೆ, ಆ ಬಿಳಿ ಬಣ್ಣ ಬಳಿದ ಮುದುಕ ಕೂಲಿಯವನು ಕೆಲಸ ಬಿಟ್ಟು ಹೋಗುವಾಗ ನನ್ನ ಹತ್ತಿರ ಬಂದು, ಬಳಿಸಿದ್ದು ಯಾರು ಎಂದು ಹೇಳಿ ಕೈಮುಗಿದು ಹೋದ. ಅವನು ಈಗ ಬದುಕಿಲ್ಲ. ಅಲ್ಲಿಗೆ ನಿಜ ಗೊತ್ತಿದ್ದವರು ಇಬ್ಬರೇ ಉಳಿದೆವು. ಉಳಿದವರಿಗೆಲ್ಲ ನಾನೊಂದು ಗಾದೆಯ ಮಾತಿನಂತಾದೆ. ಎಲ್ಲರೂ ನನ್ನನ್ನು ಕರೆಯುವುದು ಕಾಕಾ ಎಂದು. ಯಾವ ಗಿರಾಕಿ ಏನು ತಿರುಗಿ ಕಳಿಸಿದರೂ ಕಾರ್ಖಾನೆಯಲ್ಲಿ "ಕಾಕಾನ ಮಾಲ ಬಂತು ನೋಡ್ರಿ" ಅನ್ನುತ್ತಿದ್ದರು. ಹೊಸದಾಗಿ ಸೇರಿದವರಿಗೆ ಕಾಕಾ ಯಾರೆಂದು ಗೊತ್ತಿಲ್ಲದಿದ್ದರೂ ಆ ಮಾತು ಮಾತ್ರ ಗೊತ್ತಿತ್ತು. ಹೊಟ್ಟೆ ಉರಿಯದೆ ಏನಾಗುತ್ತದೆ?

ದಿನಾ ಬೆಳಿಗ್ಗೆ ಬೆಳಗಾವಿಯಿಂದ ಪ್ಯಾಸೆಂಜರ್ ರೈಲು. ದೇಸೂರಿನಲ್ಲಿ ಅದು ನಿಂತರೆ ನಿಂತೇ ಬಿಡುತ್ತದೆ, ಎದುರಿನ ಗಾಡಿ ದಾಟುವವರೆಗೆ ಕದಲುವುದಿಲ್ಲ. ಆ ಹೊತ್ತಿನಲ್ಲಿ ನಾನು ಪೇಪರಿನ ಕೊನೆಯ ಪುಟದಿಂದ ದೇಶದೇಶಗಳ ಫುಟ್‌ಬಾಲ್ ಪಂದ್ಯಗಳ ಗೋಲುಗಳನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಕಾರಣ ಏನೂ ಇಲ್ಲ. ದಿನವಿಡೀ ಒಳ್ಳೆಯದೆಷ್ಟು ಕೆಟ್ಟದ್ದೆಷ್ಟು ಎಂದು ಎಣಿಸುವವನ ಕೈ ಸುಮ್ಮನಿರುವುದಿಲ್ಲ. ಎಣಿಸುತ್ತ ಹೋದಂತೆ ಒಂದು ವಿಷಯ ನನಗೆ ಮನದಟ್ಟಾಯಿತು. ಜನ ನೆನಪಿಟ್ಟುಕೊಳ್ಳುವುದು ನಾಲ್ಕು ಗೋಲು, ಐದು ಗೋಲಿನ ಪಂದ್ಯಗಳನ್ನು. ಆದರೆ ನಮ್ಮ ದೇಶದ ತಂಡ ಆಡಿದ ಪಂದ್ಯಗಳಲ್ಲಿ ಹೆಚ್ಚಿನವು ಎರಡೂ ಕಡೆಯದು ಸೇರಿ ಎರಡು ಗೋಲಿನೊಳಗೇ ಮುಗಿದಿದ್ದವು.

ಕಳೆದ ವರ್ಷ ಮಾಲೀಕರ ಮಗಳು ಪುಣೆಯಲ್ಲಿ ಓದು ಮುಗಿಸಿ ಬಂದು ಕಾರ್ಖಾನೆಯಲ್ಲಿ ಕುಳಿತಳು. ಅವಳಿಗೆ ಮೊದಲ ವಾರದಲ್ಲೇ ನಮ್ಮ ರೋಗ ಗೊತ್ತಾಯಿತು. ಮಾಲು ಎಂದಿಗೆ ತಯಾರಾಗುತ್ತದೆ ಎಂದು ಯಾರನ್ನು ಕೇಳಿದರೂ "ಆಗ್ತೇತ್ರಿ ಮೇಡಂ" ಅನ್ನುತ್ತಾರೆ, ಆಗುವುದಿಲ್ಲ. ಬಾಯಲ್ಲಿ ಹೇಳಲು ಹೆದರುವುದನ್ನು ಜನ ಕೈಯಲ್ಲಿ ಹೇಳುತ್ತಾರೆ ಎಂದು ಅವಳು ಎಲ್ಲೋ ಕಲಿತು ಬಂದಿದ್ದಳು. ಮುಂದೆ ಏನಾಗುತ್ತದೆ ಎಂಬುದರ ಮೇಲೊಂದು ಪೇಟೆ ನಡೆಸುವುದು, ಅಲ್ಲಿ ಏಳುವ ಬೀಳುವ ದರವೇ ಜನರ ನಿಜವಾದ ಅಂದಾಜು ಎಂದು ತಿಳಿಯುವುದು. ದುಡ್ಡು ಬೇಡವೆಂದು ಅವಳು ಮೊದಲೇ ಕಟ್ಟುನಿಟ್ಟಾಗಿ ಹೇಳಿದಳು. ಹಿಂದೆ ಸ್ಟೋರಿನಿಂದ ಸುತ್ತಿಗೆ, ಪಾನಾದಂಥ ಹತ್ಯಾರು ಪಡೆಯುವಾಗ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆಗಳು ಚೀಲಗಟ್ಟಲೆ ಬಿದ್ದಿದ್ದವು. ಅವನ್ನೇ ಪ್ರತಿಯೊಬ್ಬರಿಗೂ ನಲವತ್ತರಂತೆ ಹಂಚಿದಳು.

ಕೈ ಪಳಗಲೆಂದು ಮೊದಲ ಪ್ರಶ್ನೆ ಫುಟ್‌ಬಾಲಿನದು. ಶನಿವಾರ ಸಂಜೆ ನಮ್ಮ ದೇಶದ ತಂಡಕ್ಕೂ ಮಧ್ಯ ಏಷ್ಯಾದ ಒಂದು ತಂಡಕ್ಕೂ ಪಂದ್ಯವಿತ್ತು. ಅದರಲ್ಲಿ ಎರಡೂ ಕಡೆ ಸೇರಿ ಮೂರು ಅಥವಾ ಹೆಚ್ಚು ಗೋಲು ಬೀಳುತ್ತವೆಯೇ? ಹೌದು ಎನ್ನುವವರಿಗೆ ಬಿಳಿ ಚೀಟಿ, ಇಲ್ಲ ಎನ್ನುವವರಿಗೆ ಕೆಂಪು ಚೀಟಿ. ಬಿಳಿಗೆ ಆರು ಬಿಲ್ಲೆ ಕೊಡುವವನೊಬ್ಬ, ಕೆಂಪಿಗೆ ನಾಲ್ಕು ಕೊಡುವವನೊಬ್ಬ ಸಿಕ್ಕರೆ ಹತ್ತಾಯಿತು, ಇಬ್ಬರಿಗೂ ಒಂದೊಂದು ಚೀಟಿ. ಯಾರದು ನಿಜವಾಗುತ್ತದೋ ಅವರಿಗೆ ಆ ಹತ್ತೂ ಬಿಲ್ಲೆ. ಜೋಡಿ ಸಿಗದವರು ಸಿಗುವತನಕ ಕಾಯಬೇಕು. ಅವಳು ದಿನಾ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನ ಕರಿಹಲಗೆಯ ಮೇಲೆ ಅಂದಿನ ದರ ಬರೆಯುತ್ತಿದ್ದಳು. ಖಾನಾಪುರದ ರೈಲಿನಿಂದ ಇಳಿದು ಶೆಡ್ಡಿನ ಹಾಳೆಗಳನ್ನು ಒಪ್ಪಿಸಲು ನಾನೂ ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದೆ.

ಸೋಮವಾರ ಬಿಳಿಯ ದರ ಐದಿತ್ತು. ಮಂಗಳವಾರಕ್ಕೆ ಆರಾಯಿತು. ಚಹಾದ ಕಪ್ಪು ಹಿಡಿದು ಹಲಗೆಯ ಮುಂದೆ ನಿಂತ ಮ್ಯಾನೇಜರ್ ತನ್ನ ಹಳೆಯ ಗೋಲುಗಳನ್ನೆಲ್ಲ ಹೇಳಿ ಮುಗಿಸಿ, "ಮೂರ ಗೋಲ ಅಂದ್ರ ಏನ್ ದೊಡ್ಡ ಮಾತ ಐತಿ? ಅರ್ಧ ಆಟದಾಗ ಬೀಳ್ತಾವ" ಅಂದ. ಜನ ತಲೆಯಾಡಿಸಿ ಬಿಳಿ ಕೊಂಡರು. ಮಾಲೀಕರ ಮಗಳು ಹಿಗ್ಗಿನಿಂದ ನನಗೆ ಹೇಳಿದಳು, "ನೋಡ್ರಿ ಕಾಕಾ, ನಮ್ಮ ಕಾರ್ಖಾನಿ ನೂರಕ್ಕ ಅರವತ್ತು ಪಾಲು ಹೌದು ಅನ್ನಾಕತ್ತೇತಿ."

ನಾನು ಹಲಗೆಯನ್ನಲ್ಲ, ಕೈಗಳನ್ನು ನೋಡುತ್ತಿದ್ದೆ. ಕೆಂಪು ಕೊಂಡವರು ಇಬ್ಬರೇ, ಇಬ್ಬರೂ ಆಫೀಸಿನಲ್ಲಿ ಕುಳಿತು ಎರಕವನ್ನೇ ಮುಟ್ಟದವರು. ಭಟ್ಟಿಯವರು, ಅಚ್ಚು ಕಟ್ಟುವವರು, ಉಜ್ಜುವವರು ಒಬ್ಬರೂ ಕೆಂಪಿನ ಹತ್ತಿರ ಸುಳಿಯಲಿಲ್ಲ. ಪುಣೆಯಿಂದ ಬಂದ ಹುಡುಗಿಗೆ ಅದು ಹೇಗೆ ತಿಳಿಯಬೇಕು? ಕೆಂಪು ಎಂದರೆ ನಮ್ಮಲ್ಲಿ ಮತ್ತೆ ಕರಗಿಸು, ಮತ್ತೆ ಅಚ್ಚು ಕಟ್ಟು, ಸಂಜೆ ಒಂದು ತಾಸು ಹೆಚ್ಚು ನಿಲ್ಲು, ಮೇಲಿನವರ ಬೈಗುಳ ತಿನ್ನು. ಇಡೀ ಆಯುಷ್ಯ ಕೆಂಪನ್ನು ಕಂಡು ಮುಖ ತಿರುಗಿಸಿದವರಿಗೆ ಅವಳು ಕೆಂಪು ಚೀಟಿ ತೋರಿಸಿ ಬೇಕೇ ಎಂದು ಕೇಳುತ್ತಿದ್ದಳು. ಕ್ಯಾಂಟೀನಿನಲ್ಲಿ ಚಹಾ ಕೊಡುವ ಮಾವಶಿಯನ್ನು, ಯಾಕೆ ಬಿಳಿ ಕೊಂಡಿರಿ ಎಂದು ಕೇಳಿದೆ. "ನಂಗೇನ್ ತಿಳಿತೈತೋ ಬಾಬಾ ಫುಟ್‌ಬಾಲಿನಾಗ? ಆ ಕೆಂಪ ಯಾರ್ ಮುಟ್ಟಬೇಕ, ದರಿದ್ರ!" ಅಂದಳು. ಹಲಗೆಯ ಮೇಲಿದ್ದ ಅರವತ್ತರಲ್ಲಿ ಫುಟ್‌ಬಾಲಿನ ಪಾಲು ಬಹಳ ಕಡಿಮೆ, ಬಣ್ಣದ ಪಾಲೇ ಹೆಚ್ಚು ಎಂದು ನನಗೆ ಆಗ ಖಾತ್ರಿಯಾಯಿತು. ಆ ಕಾರ್ಖಾನೆಯಲ್ಲಿ ಕೆಂಪಿಗೆ ಹೆದರದ ಕೈ ಇದ್ದರೆ ಅದು ನನ್ನದು. ಇಡೀ ಮಾಲಿಗೆ ಕೆಂಪು ಹಾಕಿದ ಕೈ ಅದು.

ಆದರೂ ನಾನು ಕೂಡಲೇ ಕೆಂಪು ಕೊಳ್ಳಲಿಲ್ಲ. ಸೇಡಿಗೆ ಹೊರಟವನಿಗೆ ತಾಳ್ಮೆ ಬೇಕು, ನನಗಂತೂ ಹನ್ನೆರಡು ವರ್ಷದ ತಾಳ್ಮೆ ಇತ್ತು. ಬುಧವಾರ ಎಲ್ಲರಿಗೂ ಕೇಳುವಂತೆ, "ಎರಡು ಬಿಳಿ ಕೊಡ್ರಿ ಮೇಡಂ, ಆರಕ್ಕ ಸೋವಿ ಆದವು" ಅಂದೆ. ಹನ್ನೆರಡು ಬಿಲ್ಲೆ ಹೋದವು. ನಾನು ಸೋವಿ ಅಂದದ್ದು ಅವನಿಗೆ ಸಹಿಸಲಿಲ್ಲ. ಫುಟ್‌ಬಾಲಿನ ವಿಷಯದಲ್ಲಿ ತನಗಿಂತ ಮೊದಲು ನಾನು ಸೋವಿ ಕಂಡುಹಿಡಿಯುವುದೆಂದರೇನು! ಏಳು ಕೊಡುತ್ತೇನೆಂದು ಕೂಗಿ ಒಂದು ಕೊಂಡ. ಗುರುವಾರ ನಾನು ಸುಮ್ಮನೆ ಹಲಗೆಯ ಹತ್ತಿರ ಹೋಗಿ ಏನೋ ಲೆಕ್ಕ ಹಾಕಿದವನಂತೆ ತಲೆ ತುರಿಸಿಕೊಂಡೆ. ಅವನು ಎಂಟಕ್ಕೆ ನಾಲ್ಕು ಕೇಳಿಟ್ಟ. ಅವನ ಬೆನ್ನಿಗೆ ಭಟ್ಟಿಯವರೆಲ್ಲ ಎಂಟಕ್ಕೆ ಒಂದೊಂದು, ಎರಡೆರಡು ಕೇಳಿಟ್ಟರು. ಎದುರು ಎರಡು ಕೊಟ್ಟು ಕೆಂಪು ಕೊಳ್ಳುವವರೇ ಇರಲಿಲ್ಲ. ಎಲ್ಲರೂ ಜೋಡಿಗಾಗಿ ಕಾಯುತ್ತ ಕುಳಿತರು.

ಶನಿವಾರ ಪೇಟೆ ಮುಚ್ಚುವುದಕ್ಕೆ ಕಾಲು ತಾಸು ಮೊದಲು ನಾನು ಉಳಿದ ಇಪ್ಪತ್ತೆಂಟು ಬಿಲ್ಲೆಗಳನ್ನು ಅವಳ ಮೇಜಿನ ಮೇಲೆ ಸುರಿದೆ. "ಹದಿನಾಲ್ಕು ಕೆಂಪು."

ಮ್ಯಾನೇಜರ್ ನಕ್ಕ. ಆ ನಗೆ ನನಗೆ ಬೇಕಾಗಿತ್ತು.

"ಕೆಂಪ ಹಚ್ಚೂದ ಬಿಟ್ಟರ ನಿನಗ ಮತ್ತೇನರ ಬರ್ತೈತೇನೋ ದೋಸ್ತ?" ಅಂದ.

"ಹಂಗಂದ್ರ ಒಂದು ಮಾತ ಆಗಲಿ ಸಾಹೇಬ್ರ," ಅಂದೆ. "ಪಂದ್ಯ ಮುಗದ ಮ್ಯಾಲ ನಿಮ್ಮ ಕಡೆ, ನನ್ನ ಕಡೆ ಎಷ್ಟೆಷ್ಟು ಬಿಲ್ಲಿ ಅದಾವ ನೋಡೂಣು. ಕಡಿಮಿ ಇದ್ದಾಂವ ಈ ಬೆಂಚಿನ ಮ್ಯಾಲ ನಿಂತು ಇನ್ನೊಬ್ಬ ಹೇಳಿಕೊಟ್ಟ ಮಾತ ಹೇಳಬೇಕು. ಏನ ಇರಲಿ."

"ಆಗಲಿ. ನಾ ಗೆದ್ರ ನೀ ಹೇಳಬೇಕ, ಮ್ಯಾನೇಜರ್ ಸಾಹೇಬ್ರು ಇಲ್ಲಂದ್ರ ನನಗ ಅನ್ನ ಇಲ್ಲ ಅಂತ."

ಜನ ಸಿಳ್ಳೆ ಹಾಕಿದರು. ನಾನು ಹೂಂ ಅಂದೆ.

ಆಫೀಸಿನ ಟಿವಿಯನ್ನು ಕ್ಯಾಂಟೀನಿಗೆ ತಂದಿಟ್ಟಿದ್ದರು. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಎದುರಿನವರು ಒಂದು ಗೋಲು ಹೊಡೆದರು. ನಮ್ಮ ದೇಶದ ಮೇಲೆ ಗೋಲು ಬಿದ್ದರೂ ನಮ್ಮವರು ಕುಣಿದರು, ಬಿಳಿ ಚೀಟಿಯ ಮಹಿಮೆ. ಮಧ್ಯಂತರ ಮುಗಿದು ಸ್ವಲ್ಪ ಹೊತ್ತಿಗೆ ನಮ್ಮವರು ಮೂಲೆ ಹೊಡೆತದಿಂದ ತಲೆ ಕೊಟ್ಟು ಒಂದನ್ನು ತೀರಿಸಿದರು. ಎರಡಾಯಿತು. ಇನ್ನೊಂದು ಬಿದ್ದರೆ ನಾನು ಬೆಂಚು ಹತ್ತಬೇಕು. ಆ ಅರ್ಧ ತಾಸು ನನ್ನ ವಹಿ, ನನ್ನ ಲೆಕ್ಕ, ನನ್ನ ಬುದ್ಧಿವಂತಿಕೆ ಯಾವುದೂ ನೆರವಿಗೆ ಬರಲಿಲ್ಲ. ಚೆಂಡು ಆ ಕಡೆ ಹೋದಾಗಲೂ ಈ ಕಡೆ ಬಂದಾಗಲೂ ಹಿಂದಿನ ಸಾಲಿನ ಆಟಗಾರರನ್ನೇ ನೋಡುತ್ತಿದ್ದೆ, ಅವರ ಜೊತೆ ನನ್ನ ಕಾಲೂ ಮೇಜಿನ ಕೆಳಗೆ ಒದೆಯುತ್ತಿತ್ತು.

ಕೊನೆಗೆ ನಾಲ್ಕೈದು ನಿಮಿಷ ಉಳಿದಾಗ ನಮ್ಮ ಮುಂದಿನ ಆಟಗಾರನೊಬ್ಬ ಚೆಂಡನ್ನು ಬಲೆಗೆ ನುಗ್ಗಿಸಿಯೇ ಬಿಟ್ಟ. ಕ್ಯಾಂಟೀನಿನ ತಗಡು ಹಾರಿಹೋಗುವಂತೆ ಕೂಗು ಎದ್ದಿತು. ಮ್ಯಾನೇಜರ್ ಮಾವಶಿಯ ಕೈ ಹಿಡಿದು ಒಂದು ಸುತ್ತು ತಿರುಗಿಸಿದ. ಆಮೇಲೆ ನನ್ನ ಕಡೆ ಬಂದು, ಅಂಗೈಯಿಂದ ಬೆಂಚಿನ ಧೂಳು ಒರೆಸಿ, "ಬರ್ರಿ, ಹತ್ರಿ" ಅಂದ. ಬಹುವಚನ ಹಚ್ಚಿ ಕರೆದ, ನನಗೆ ಅದು ಹೆಚ್ಚು ಉರಿಯಿತು. ನಾನು ಅವನ ಹೆಗಲ ಮೇಲಿಂದ ಟಿವಿ ನೋಡುತ್ತಲೇ ಇದ್ದೆ. ಗೆರೆಯ ಪಕ್ಕದವನು ಬಾವುಟ ಎತ್ತಿ ನಿಂತಿದ್ದ. ಆಫ್‌ಸೈಡ್. ಗೋಲು ಇಲ್ಲ.

"ತಿರುಗಿ ನೋಡ್ರಿ ಸಾಹೇಬ್ರ," ಅಂದೆ. ಅವನು ತಿರುಗಿದ. ಅವನ ಹೆಗಲು ಜೋತುಬೀಳುವುದನ್ನು ನಾನು ಕಣ್ತುಂಬ ನೋಡಿದೆ.

ಪಂದ್ಯ ಒಂದಕ್ಕೊಂದು ಗೋಲಿನಲ್ಲಿ ಮುಗಿಯಿತು. ನನ್ನ ಎರಡು ಬಿಳಿ ಸತ್ತವು, ಹದಿನಾಲ್ಕು ಕೆಂಪು ಗೆದ್ದು ನೂರಾ ನಲವತ್ತು ಬಿಲ್ಲೆ ಬಂದವು. ಉಳಿದವರು ಒಂದೆರಡು ಚೀಟಿ ಕೊಂಡು ಸುಮ್ಮನಿದ್ದರು, ಅವರ ಹತ್ತಿರ ಇನ್ನೂ ಬಿಲ್ಲೆಗಳಿದ್ದವು. ಮೂವತ್ತೊಂಬತ್ತನ್ನೂ ಬಿಳಿಗೆ ಸುರಿದವನು ಅವನೊಬ್ಬನೇ. ಅವನ ಅಂಗೈಯಲ್ಲಿ ಒಂದೇ ಒಂದು ಬಿಲ್ಲೆ ಉಳಿದಿತ್ತು.

ನಾನು ಅವನ ಕಿವಿಯಲ್ಲಿ ಮಾತು ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಹತ್ತುವುದಿಲ್ಲ ಎನ್ನುತ್ತಾನೆಂದು ನಾನು ಹಲ್ಲು ಕಚ್ಚಿ ನಿಂತಿದ್ದೆ, ಜಗಳಕ್ಕೂ ತಯಾರಿದ್ದೆ. ಅವನು ಚಪ್ಪಲಿ ಕಳಚಿ ಬೆಂಚು ಹತ್ತಿದ.

"ಹನ್ನೆರಡು ವರ್ಷದ ಹಿಂದ ಪಂಪಿನ ಮಾಲ ವಾಪಸ್ ಬಂತಲ್ಲ, ಅದಕ್ಕ ಬಿಳಿ ಹಚ್ಚಿಸಿದಾಂವ ನಾ. ಇಂವ ಕೆಂಪ ಹಾಕಿ ಹೋಗಿದ್ದ. ಇವಂದು ಏನೂ ತಪ್ಪಿಲ್ಲ."

ತಡವರಿಸದೆ, ಒಂದಕ್ಷರ ನುಂಗದೆ, ನಾನು ಹೇಳಿಕೊಟ್ಟಷ್ಟನ್ನೂ ಹೇಳಿದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಮ್ಮೆ ಸಾಹೇಬ್ರ, ವಿಡಿಯೋ ಮಾಡ್ತೀವಿ!" ಎಂದು ಒಬ್ಬ ಕೂಗಿದ. ಭಟ್ಟಿಯವರ ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮ ನನ್ನ ಬೆನ್ನು ಚಪ್ಪರಿಸಿ, "ಏನ್ ಹೇಳಿಸಿದ್ರಿ ಕಾಕಾ! ಮುಂದಿನ ಸಲ ಕಾರ್ಖಾನಿ ನಿಮ್ಮ ಹೆಸರಿಲೆ ಮಾಡೇನಿ ಅಂತ ಹೇಳಸ್ರಿ" ಅಂದ. "ಖರೇ ಐತ್ರೋ ಅದು, ಖರೇ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅವರು ಇನ್ನೂ ಜೋರಾಗಿ ನಕ್ಕರು. "ಸೋತಾಂವ ಹೇಳಾಕಬೇಕಲ್ಲೋ ಬಾಬಾ," ಎಂದು ಮಾವಶಿ ನನಗೇ ಸಮಾಧಾನ ಹೇಳಿ ಚಹಾ ಕೊಟ್ಟಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನನಗೆ ತಾಟಿಗೆ ರೊಟ್ಟಿ ಹಾಕುತ್ತ ಪೂರ್ತಿ ಕೇಳಿದಳು. "ಹೇಳಿದ್ದು ಛಲೋ ಆತು. ಯಾರ್ ನಂಬಿದ್ರು?" ಅಂದಳು. ನಾನು ಊಟ ಬಿಟ್ಟು ಎದ್ದೆ.

ರವಿವಾರವೆಲ್ಲ ಕುದಿದೆ. ಗೆದ್ದವನು ನಾನು, ಮಾತು ಹೇಳಿದವನು ಅವನು, ಆದರೂ ಏನೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ನನಗೊಂದು ದಾರಿ ಹೊಳೆಯಿತು. ಎಲ್ಲರೂ ನಕ್ಕಿರಬಹುದು, ನಗುವುದಕ್ಕೆ ಏನೂ ಖರ್ಚಿಲ್ಲ. ಕೈಯಲ್ಲಿನ ಬಿಲ್ಲೆ ಬಿಡಬೇಕಾಗಿ ಬಂದರೆ ಒಬ್ಬಿಬ್ಬರಾದರೂ ಯೋಚಿಸುತ್ತಾರೆ. ಸೋಮವಾರ ಖಾನಾಪುರಕ್ಕೆ ರಜೆ ಹೇಳಿ ನೇರ ಕಾರ್ಖಾನೆಗೆ ಹೋಗಿ ಮಾಲೀಕರ ಮಗಳ ಎದುರು ನಿಂತೆ.

"ಹಲಗಿ ಮ್ಯಾಲ ಹೊಸಾ ಪ್ರಶ್ನೆ ಬರೀರಿ ಮೇಡಂ. ಮ್ಯಾನೇಜರ್ ಬೆಂಚಿನ ಮ್ಯಾಲ ಹೇಳಿದ್ದು ಖರೇನೋ ಅಲ್ಲೋ."

ಅವಳು ಸುಣ್ಣದ ಕಡ್ಡಿ ಎತ್ತಿಕೊಂಡಳು. "ಇದನ್ನ ಕಡೀಕ ಯಾರು ತೀರ್ಮಾನ ಮಾಡೋರು ಕಾಕಾ? ಗೋಲಿಗೆ ರೆಫರಿ ಇದ್ದ."

"ಮೊದಲ ದರ ಏನಾಗ್ತೈತಿ ನೋಡೂಣು," ಅಂದೆ.

ಬರೆದಳು. ಖರೆ ಅನ್ನುವವರಿಗೆ ಬಿಳಿ, ಚೇಷ್ಟೆ ಅನ್ನುವವರಿಗೆ ಕೆಂಪು. ನಾನು ಐದರಂತೆ ಹತ್ತು ಬಿಳಿ ಕೇಳಿದೆ. ಕೆಂಪನ್ನು ಕಂಡು ಮುಖ ತಿರುಗಿಸುತ್ತಿದ್ದ ಜನರೇ ಎದುರು ಕೆಂಪಿಗೆ ಐದು ಕೊಡಲು ಮುಗಿಬಿದ್ದರು, ಒಂದು ಗಳಿಗೆಯಲ್ಲಿ ಹತ್ತೂ ಜೋಡಿಯಾದವು. ಆಮೇಲೆ ಕೆಂಪಿಗೆ ಆರು ಅಂದರು, ಏಳು ಅಂದರು. ಮುಕಾದಮ ಎಂಟು ಅಂದ. ಮಾವಶಿ ಸೆರಗಿನ ಗಂಟು ಬಿಚ್ಚಿ ಒಂಬತ್ತು ಬಿಲ್ಲೆ ಎಣಿಸಿ ಕೆಂಪು ಕೊಂಡಳು, ನನ್ನ ಮುಖ ನೋಡಿ, "ಸಿಟ್ಟಾಗಬ್ಯಾಡೋ ಬಾಬಾ, ಆಟ ಅಲ್ಲೇನ" ಅಂದಳು. ನಾನು ಹುಚ್ಚನಂತೆ ಬಿಳಿ ಕೊಳ್ಳುತ್ತಲೇ ಹೋದೆ. ಕೊಂಡವನು ನಾನೊಬ್ಬನೇ. ಬಿಳಿಯ ದರ ಒಂದಕ್ಕೆ ಇಳಿಯಿತು. ಹಿಂದೆ ನನ್ನ ಜೊತೆ ಉಂಡು ತಿಂದವರು, ನನ್ನ ಸುತ್ತಿಗೆಯ ಸದ್ದು ಕೇಳಿ ಬಲ್ಲವರು, ನನ್ನ ಮಾತಿಗೆ ಹತ್ತರಲ್ಲಿ ಒಂದು ಪಾಲು ಬೆಲೆ ಕಟ್ಟಿದ್ದರು.

ಆಗ ಅವನು ಒಳಗೆ ಬಂದ. ಹಲಗೆ ಓದಿದ. ಪೂರ್ತಿ ಓದಿದ ಮೇಲೆ ಜೇಬಿನಿಂದ ಉಳಿದಿದ್ದ ಆ ಒಂದು ಬಿಲ್ಲೆ ತೆಗೆದು ಅವಳ ಮೇಜಿನ ಮೇಲಿಟ್ಟ.

"ಒಂದು ಬಿಳಿ ಕೊಡ್ರಿ."

ಮತ್ತೆ ನಗೆ ಎದ್ದಿತು. "ಸಾಹೇಬ್ರು ಆಟ ಬಿಡವಲ್ಲರು!" ಎಂದು ಯಾರೋ ಚಪ್ಪಾಳೆ ತಟ್ಟಿದರು. ಅವನು ನಗಲಿಲ್ಲ. ಚೀಟಿಯನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ನನ್ನ ಮುಂದೆ ಹಾದು ಭಟ್ಟಿಯ ಕಡೆ ಹೋದ. ಇಡೀ ಕಾರ್ಖಾನೆಯಲ್ಲಿ ಬಿಳಿ ಚೀಟಿ ಇದ್ದವರು ನಾವಿಬ್ಬರೇ. ಹಿಂದೆ ಓಡಿ ಹೋಗಿ ಅವನ ಜೇಬಿಗೆ ಕೈ ಹಾಕಿ ಅದನ್ನು ಕಿತ್ತುಕೊಳ್ಳಬೇಕು ಅನ್ನಿಸಿತು, ನನ್ನ ಪಕ್ಷದಲ್ಲಿ ನಿಲ್ಲಲು ಅವನು ಯಾರು?